ನೂಲು ನುಂಗಿದ ಹುಡುಗಿ

ಫೆಬ್ರವರಿ ೧೧

ಪೂಜ್ಯ ಅತ್ತೆಯವರಿಗೆ,

ಸೊಸೆಯ ನಮಸ್ಕಾರಗಳು. ನಾನು ಇಲ್ಲಿಗೆ ಸುಖವಾಗಿ ತಲುಪಿ ಮೂರು ವಾರವಾಯಿತು. ಮೊದಲೇ ಬರೆಯಬೇಕಿತ್ತು, ಕೆಲಸದ ಗಡಿಬಿಡಿಯಲ್ಲಿ ಆಗಲಿಲ್ಲ. ಇಲ್ಲಿ ಫೋನ್ ಸಿಗುವುದು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿದರೆ ಮಾತ್ರ. ಹತ್ತಿದರೂ ನಾವಿಬ್ಬರೂ "ಊಟ ಆಯ್ತಾ?" "ಆಯ್ತು, ನಿಮ್ದು?" ಅಂದ ಮೇಲೆ ಸುಮ್ಮನಾಗಿಬಿಡುತ್ತೇವೆ. ಅದಕ್ಕೇ ಪತ್ರ. ಔಷಧಿ ತರುವ ವ್ಯಾನು ವಾರಕ್ಕೆರಡು ಸಲ ಬರುತ್ತದೆ, ಟಪಾಲೂ ಅದರಲ್ಲೇ.

ಆಸ್ಪತ್ರೆ ಚೆನ್ನಾಗಿದೆ. ಎರಡು ಅಂತಸ್ತು. ಹೊರಗೋಡೆಗೆ ತಿಳಿ ಹಳದಿ, ಕಿಟಕಿಗಳಿಗೆ ಹಸಿರು. ಒಳಗೆ ಸೊಂಟದವರೆಗೆ ಬೂದು ಬಣ್ಣ, ಅದರ ಮೇಲೆ ಬಿಳಿ. ಮಕ್ಕಳ ವಾರ್ಡಿನ ಗೋಡೆಗೆ ಯಾರೋ ಆನೆ ಬರೆದಿದ್ದಾರೆ, ಸೊಂಡಿಲು ಸ್ವಿಚ್ ಬೋರ್ಡಿನವರೆಗೆ ಬಂದು ನಿಂತಿದೆ. ಅಂಗಳದಲ್ಲಿ ದೊಡ್ಡ ನೆರಳಿನ ಮರವಿದೆ. ನನ್ನ ಕೋಣೆಗೆ ಎರಡು ಕಿಟಕಿ, ಒಂದು ತೆರೆಯುತ್ತದೆ. ಸೂಪರಿಂಟೆಂಡೆಂಟರು ಸಜ್ಜನರು. ನಾಲ್ಕು ಜಿಲ್ಲೆಗೆ ಸೇರಿ ಮಕ್ಕಳ ಸರ್ಜನ್ ಎಂದರೆ ನಾನೊಬ್ಬಳೇ ಆದ್ದರಿಂದ ಎಲ್ಲರೂ ಗೌರವ ಕೊಡುತ್ತಾರೆ. ಕೆಲಸ ಚೆನ್ನಾಗಿ ನಡೆದಿದೆ.

ಎರಡು ವರ್ಷಕ್ಕೆಂದು ಹೊರಟು ಬಂದದ್ದು ನಿಮಗೆ ಇಷ್ಟವಿರಲಿಲ್ಲ ಎಂದು ಬಲ್ಲೆ. ನಿಮ್ಮ ಮಗನ ಊಟ ತಿಂಡಿಯ ಹೊಣೆ ಮತ್ತೆ ನಿಮ್ಮ ಮೇಲೆ ಬಿತ್ತು. ಕ್ಷಮೆಯಿರಲಿ.

ನಿಮ್ಮ ಸೊಸೆ


ಫೆಬ್ರವರಿ ೨೨

ಚಿ. ಸೌ. ಸೊಸೆಗೆ ಆಶೀರ್ವಾದಗಳು.

ಪತ್ರ ಬಂತು. ಬಣ್ಣದ ವಿವರ ಓದಿ ಸುಣ್ಣ ಬಳಿಯುವ ಕೆಲಸಕ್ಕೇನಾದರೂ ಸೇರಿಕೊಂಡೆಯಾ ಎಂದು ಅನುಮಾನವಾಯಿತು. ನಾನು ಮೂವತ್ತಾರು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದವಳು. ಕೆಲಸ ಮಾಡುವ ಸರ್ಜನ್‌ಗೆ ಗೋಡೆ ಯಾವ ಬಣ್ಣದ್ದೆಂದು ಕೇಳಿದರೆ "ಗೋಡೆ ಇದೆಯಾ?" ಎನ್ನುತ್ತಾರೆ. ನೀನು ಅದನ್ನೇ ಅರ್ಧ ಪುಟ ಬರೆದಿದ್ದೀಯ. ಮೂರು ವಾರದಲ್ಲಿ ಒಂದೇ ಒಂದು ಆಪರೇಷನ್ನಿನ ಹೆಸರಿಲ್ಲ. ಅಂದರೆ ಒಂದನ್ನೂ ಮಾಡಿಲ್ಲ.

ಈಗ ಕೇಳಿದ್ದಕ್ಕೆ ಉತ್ತರ ಕೊಡು. ಥಿಯೇಟರಿನ ದೀಪದಲ್ಲಿ ಎಷ್ಟು ಬಲ್ಬು ಉರಿಯುತ್ತವೆ? ಮಕ್ಕಳ ಅಳತೆಯ ಇಕ್ಕಳ, ಕತ್ತರಿ ಇದೆಯೋ ಇಲ್ಲವೋ? ಅರಿವಳಿಕೆ ಕೊಡುವವರು ಯಾರು? ಕೈಗೆ ಸಾಮಾನು ಕೊಡುವ ನರ್ಸು ನಿನ್ನ ಮುಖ ನೋಡುತ್ತಾಳೋ ಕೈ ನೋಡುತ್ತಾಳೋ?

ನೀನು ಹೋದದ್ದಕ್ಕೆ ನನಗೆ ಸಿಟ್ಟಿದೆ ಎಂದು ನೀನೇ ತೀರ್ಮಾನ ಮಾಡಿಕೊಂಡಿದ್ದೀಯ. ಇರಲಿ, ಅದರ ವಿಚಾರ ಆಮೇಲೆ.

ಮನೆಯಲ್ಲಿ ಎಲ್ಲ ಕ್ಷೇಮ. ನನ್ನ ಮಗ ಶಾಲೆಯಲ್ಲಿ ಒಳ್ಳೆಯ ಲೆಕ್ಕದ ಮೇಷ್ಟ್ರು ಎಂದು ಹೊಗಳಿಸಿಕೊಂಡು ಬಂದ. ನಿನ್ನ ಗಂಡ ಅದೇ ಖುಷಿಯಲ್ಲಿ ಹಾಲು ಉಕ್ಕಿಸಿ ಒಲೆ ಆರಿಸಿದ. ಒಳ್ಳೆಯದು ಮಾಡಿದಾಗ ನನ್ನ ಮಗ, ಕೆಡಿಸಿದಾಗ ನಿನ್ನ ಗಂಡ. ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ.

ಅತ್ತೆ


ಮಾರ್ಚ್ ೫

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಸ್ವಲ್ಪ ಹೊತ್ತು ಅತ್ತೆ. (ಇಲ್ಲಿ ಅತ್ತೆ ಎಂದರೆ ನೀವಲ್ಲ, ನಾನು ಅತ್ತದ್ದು.)

ನಿಜ ಹೇಳುತ್ತೇನೆ. ದೀಪದಲ್ಲಿ ಒಂಬತ್ತು ಬಲ್ಬು, ಉರಿಯುವುದು ಮೂರು. ಇಕ್ಕಳ ಕತ್ತರಿ ಎಲ್ಲ ದೊಡ್ಡವರ ಅಳತೆಯವು. ಎಳೆಗೂಸಿನ ಹೊಟ್ಟೆಗೆ ಅವನ್ನು ಇಳಿಸಿದರೆ ಚಹದ ಲೋಟದಲ್ಲಿ ಸೌಟು ಆಡಿಸಿದ ಹಾಗೆ. ಅರಿವಳಿಕೆಗೆ ಡಾಕ್ಟರಿಲ್ಲ. ತರಬೇತಿ ಪಡೆದ ಟೆಕ್ನಿಷಿಯನ್ ಒಬ್ಬರಿದ್ದಾರೆ, ಊರಿಗೆಲ್ಲ ಗ್ಯಾಸಣ್ಣ. ಮೊದಲ ದಿನವೇ ಕೈಮುಗಿದು ಹೇಳಿದರು: "ಡಾಕ್ಟ್ರೇ, ಹತ್ತು ಕಿಲೋಗಿಂತ ಕಮ್ಮಿ ಇರೋ ಮಗೂನ ಮಲಗ್ಸೋದು ನನ್ನ ಕೆಲ್ಸ. ಎಬ್ಸೋದು ಮೇಲಿನವನ ಕೆಲ್ಸ. ಅವನು ಡ್ಯೂಟಿಗೆ ಸರಿಯಾಗಿ ಬರಲ್ಲ." ಯಾವುದೋ ದೇಶದವರು ದಾನ ಕೊಟ್ಟ ದೊಡ್ಡ ಯಂತ್ರ ಒಂದಿದೆ. ಪ್ಲಗ್ಗು ಇಲ್ಲಿಯ ಗೋಡೆಗೆ ಹೊಂದುವುದಿಲ್ಲ, ಪುಸ್ತಕ ಯಾರಿಗೂ ಬಾರದ ಭಾಷೆಯಲ್ಲಿದೆ. ಸೂಪರಿಂಟೆಂಡೆಂಟರು ಅದರ ಮೇಲೆ ಕೊಡೆ ಒಣಗಿಸುತ್ತಾರೆ. ನರ್ಸು ನನ್ನ ಮುಖವನ್ನೂ ನೋಡುವುದಿಲ್ಲ, ಕೈಯನ್ನೂ ನೋಡುವುದಿಲ್ಲ. ಗಡಿಯಾರ ನೋಡುತ್ತಾಳೆ.

ಹನ್ನೆರಡು ವರ್ಷ ಓದಿದ್ದೇನೆ. ಕಲಿತದ್ದೆಲ್ಲ ಒಂದೊಂದು ಯಂತ್ರಕ್ಕೆ ಗಂಟು ಬಿದ್ದಿದೆ. ಯಂತ್ರವಿಲ್ಲದ ಕಡೆ ನನ್ನ ಕೈಗೆ ಏನೂ ಬರುವುದಿಲ್ಲ ಎಂದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಆದರೂ ಹೋದ ವಾರ ಒಂದು ಆಪರೇಷನ್ ಮಾಡಿದೆ. ಆರು ವರ್ಷದ ಹುಡುಗಿ. ಅವಳ ತಾಯಿ ಮನೆಯಲ್ಲೇ ಸೋಪು ಮಾಡಿ ಬೀದಿ ಬೀದಿ ಮಾರುತ್ತಾಳೆ, ವಾರ್ಡಿನವರು ಅವಳನ್ನು ಸೋಪಮ್ಮ ಎನ್ನುತ್ತಾರೆ. ಸೋಪಿಗೆಂದು ಕರಗಿಸಿದ ಕಾಸ್ಟಿಕ್ ಸೋಡಾ ನೀರನ್ನು ಜ್ಯೂಸಿನ ಬಾಟಲಿಯಲ್ಲಿ ಇಟ್ಟಿದ್ದಳು. ಮಗು ಆಡಿ ಬಂದು ಬಾಯಾರಿಕೆಗೆ ಎತ್ತಿ ಕುಡಿಯಿತು. ಗಂಟಲಿನಿಂದ ಹೊಟ್ಟೆಗೆ ಹೋಗುವ ಅನ್ನನಾಳ ಸುಟ್ಟುಹೋಯಿತು, ಮಾಯುವಾಗ ಮುದುಡಿತು, ಈಗ ಸೂಜಿಯ ಕಣ್ಣಿನಷ್ಟು ದಾರಿ ಉಳಿದಿದೆ. ಎಂಟು ತಿಂಗಳಿಂದ ನೀರು, ಹಾಲು, ಗಂಜಿ ತಿಳಿ ಹನಿ ಹನಿ ಇಳಿಯುವುದು ಬಿಟ್ಟರೆ ಏನೂ ಇಳಿದಿಲ್ಲ. ಹನ್ನೊಂದು ಕಿಲೋ ಇದ್ದಾಳೆ. ಉಗುಳನ್ನೂ ನುಂಗಲಾರದೆ ಕೈಯಲ್ಲೊಂದು ಡಬ್ಬಿ ಹಿಡಿದು ಓಡಾಡುತ್ತಾಳೆ. ಆದರೆ ಮಾತು ಕೇಳಬೇಕು ನೀವು! ಒಂದು ಕಡೆ ನಿಲ್ಲುವುದಿಲ್ಲ, ಪಟಪಟ ಸಿಡಿಯುತ್ತಾಳೆ. ಅದಕ್ಕೇ ಎಲ್ಲರಿಗೂ ಅವಳು ಚಿನಕುರುಳಿ.

ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಕೊಳವೆ ಇಟ್ಟಿದ್ದೇನೆ. ಹಾಲು, ಗಂಜಿ ನೀರು ಅದರಲ್ಲಿ ಹೋಗುತ್ತದೆ. ಗ್ಯಾಸಣ್ಣ ಮಲಗಿಸಿದರು, ಎಬ್ಬಿಸಿದರು ಕೂಡ. ಎದ್ದವಳೇ "ನಂಗೆ ಬಾಯಲ್ಲಿ ಯಾವಾಗ ಕೊಡ್ತೀರಾ?" ಎಂದು ಕೇಳಿದಳು.

ನಾನು ಕಲಿತ ಕಡೆ ಒಳಗೆ ಕ್ಯಾಮೆರಾ ಬಿಟ್ಟು, ಬಲೂನು ಊದಿ ಅನ್ನನಾಳ ಹಿಗ್ಗಿಸುತ್ತಿದ್ದೆವು. ಇಲ್ಲಿ ಕ್ಯಾಮೆರಾವೂ ಇಲ್ಲ, ಬಲೂನೂ ಇಲ್ಲ. ದೊಡ್ಡ ಊರಿನ ಆಸ್ಪತ್ರೆ ಹದಿನಾಲ್ಕು ಗಂಟೆಯ ದಾರಿ, ಒಮ್ಮೆ ಹೋದಾಗ ಹನ್ನೊಂದು ತಿಂಗಳ ನಂತರದ ತಾರೀಖು ಕೊಟ್ಟಿದ್ದಾರಂತೆ. ಹೊರಗಿನ ತಜ್ಞರ ತಂಡ ವರ್ಷಕ್ಕೊಮ್ಮೆ ಹತ್ತು ದಿನ ಬರುತ್ತದೆ. ಈ ಮಗುವಿಗೆ ಬೇಕಾದದ್ದು ವಾರಕ್ಕೊಮ್ಮೆ, ವರ್ಷವಿಡೀ.

ಇದನ್ನೆಲ್ಲ ನಿಮ್ಮ ಮಗನಿಗೆ ಹೇಳಬೇಡಿ. ಹೆದರುತ್ತಾರೆ.

ಸೊಸೆ


ಮಾರ್ಚ್ ೧೬

ಸೊಸೆಗೆ ಆಶೀರ್ವಾದ.

ನಿನ್ನ ಗಂಡನಿಗೆ ಹೇಳಿಲ್ಲ. ಅವನು ಕೇಳಿಯೂ ಇಲ್ಲ, ಪತ್ರದ ದಪ್ಪ ನೋಡಿಯೇ "ಅತ್ತೆ ಸೊಸೆ ಜಗಳ ಶುರುವಾಯ್ತು" ಎಂದು ಹೊರಗೆ ಹೋದ.

ಬಲೂನು ಬರುವ ಮೊದಲೂ ಮಕ್ಕಳು ಕಾಸ್ಟಿಕ್ ಕುಡಿಯುತ್ತಿದ್ದರು ತಾಯಿ. ನಾವೇನು ಕೈಕಟ್ಟಿ ಕೂತಿದ್ದೆವೇ? ನಾನು ಕೆಲಸಕ್ಕೆ ಸೇರಿದಾಗ ನಮ್ಮ ದೊಡ್ಡ ಸರ್ಜನ್ನರು ನೂಲಿನಲ್ಲಿ ಮಾಡುತ್ತಿದ್ದರು. ಸರಿಯಾಗಿ ಓದಿಕೋ.

ತೆಳ್ಳನೆಯ ರೇಷ್ಮೆ ನೂಲು ತೆಗೆದುಕೋ, ತುದಿಗೆ ಸಣ್ಣ ಗಂಟು ಹಾಕು, ಗಂಟನ್ನು ಸಕ್ಕರೆ ಪಾಕದಲ್ಲಿ ಅದ್ದು. ಮಗು ನೀರು ಗುಟುಕರಿಸುತ್ತ ಅದನ್ನು ನುಂಗಬೇಕು. ಒಂದೇ ದಿನದಲ್ಲಿ ಆಗುವುದಿಲ್ಲ. ನೀರು ಇಳಿಯುವ ದಾರಿಯಿದ್ದರೆ ನೂಲೂ ಇಳಿಯುತ್ತದೆ, ದಿನವೋ ಮೂರು ದಿನವೋ. ಮೇಲಿನ ತುದಿಯನ್ನು ಮೂಗಿನಿಂದ ತಂದು ಕೆನ್ನೆಗೆ ಅಂಟಿಸು, ಬಾಯಲ್ಲಿ ಬಿಟ್ಟರೆ ಕಚ್ಚಿ ತುಂಡರಿಸುತ್ತಾರೆ. ಕೆಳಗೆ ಹೊಟ್ಟೆಗೆ ಬಂದ ತುದಿಯನ್ನು ನೀನು ಮಾಡಿರುವ ರಂಧ್ರದಿಂದ ಹೊರಗೆ ತೆಗೆ. ಅಲ್ಲಿಗೆ ನಿನಗೆ ಹಾದಿ ಸಿಕ್ಕಿತು. ಎರಡೂ ತುದಿ ಸಣ್ಣಗಿರುವ ಮೆತ್ತನೆಯ ಕೊಳವೆಯನ್ನು ಆ ನೂಲಿಗೆ ಕಟ್ಟಿ ಕೆಳಗಿನಿಂದ ಮೇಲಕ್ಕೆ ಎಳೆ. ಕೊಳವೆಯ ಹಿಂದೆ ಹೊಸ ನೂಲು ಕಟ್ಟಿರು, ಅದು ಮುಂದಿನ ವಾರಕ್ಕೆ ಒಳಗೇ ಉಳಿಯುತ್ತದೆ. ವಾರ ವಾರ ಕೂದಲೆಳೆಯಷ್ಟು ಹೆಚ್ಚು ದಪ್ಪದ ಕೊಳವೆ. ಯಾವ ಯಂತ್ರವೂ ಬೇಡ.

ಒಂದು ಮಾತು ಮಾತ್ರ ಕಲ್ಲಿನಲ್ಲಿ ಕೆತ್ತಿಟ್ಟುಕೋ. ಎಳೆಯಬೇಕು, ತಳ್ಳಬಾರದು. ನೂಲಿಲ್ಲದೆ ಯಾವ ಕಾರಣಕ್ಕೂ ಏನನ್ನೂ ತಳ್ಳಬಾರದು.

ಕೊಳವೆಯನ್ನು ನಾನು ಕಳಿಸುತ್ತೇನೆ.

ಅತ್ತೆ


ಮಾರ್ಚ್ ೨೯

ಅತ್ತೆಯವರಿಗೆ,

ನಿಮ್ಮ ಅನುಭವದ ಮೇಲೆ ಗೌರವವಿದೆ. ಆದರೆ ಇದು ಐವತ್ತು ವರ್ಷದ ಹಿಂದಿನ ಪದ್ಧತಿ. ನನ್ನ ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದೂವರೆ ಸಾಲು ಇದೆ, ಅದೂ ಚರಿತ್ರೆಯ ಭಾಗದಲ್ಲಿ. ಬಲೂನಿಗಾಗಿ ಸೂಪರಿಂಟೆಂಡೆಂಟರು ಮೇಲಿನವರಿಗೆ ಬರೆದಿದ್ದಾರೆ. ಕಾಯುವುದು ಉತ್ತಮ ಎಂದು ನನ್ನ ಅಭಿಪ್ರಾಯ.

ತಪ್ಪು ತಿಳಿಯಬೇಡಿ, ಒಂದು ಕೇಳುತ್ತೇನೆ. ನೀವು ನೋಡಿದ ಮಕ್ಕಳಲ್ಲಿ ಎಷ್ಟು ಜನ ಬದುಕಿದರು?

ಸೊಸೆ


ಏಪ್ರಿಲ್ ೮

ಸೊಸೆಗೆ,

ಕೇಳಬೇಕಾದ್ದನ್ನೇ ಕೇಳಿದ್ದೀಯ. ಸರ್ಜನ್ ಆದವಳು ಅತ್ತೆ ಎಂದು ಮುಲಾಜು ನೋಡಬಾರದು.

ನನ್ನ ಕಾಲದಲ್ಲಿ ಮೂವತ್ತೊಂದು ಮಕ್ಕಳು. ಮೂವತ್ತು ಮಕ್ಕಳು ಬಾಯಲ್ಲಿ ಊಟ ಮಾಡಿಕೊಂಡು ಮನೆಗೆ ಹೋದರು. ಒಬ್ಬ ಹೋಗಲಿಲ್ಲ.

ಅವತ್ತು ದೊಡ್ಡ ಸರ್ಜನ್ನರು ರಜೆಯಲ್ಲಿದ್ದರು. ನೂಲು ತುಂಡಾಗಿತ್ತು. ಹೊಸದನ್ನು ನುಂಗಿಸಿ ಮೂರು ದಿನ ಕಾಯಬೇಕಿತ್ತು. ಬದಲಿಗೆ ಬಂದಿದ್ದ ಡಾಕ್ಟರಿಗೆ ಆತುರ. "ಸಿಸ್ಟರ್, ದಾರಿ ಹೇಗೂ ಹಿಗ್ಗಿದೆ, ಮೇಲಿಂದ ಹಾಕಿಬಿಡೋಣ, ಕೊಡಿ" ಎಂದರು. ತಪ್ಪೆಂದು ನನಗೆ ಗೊತ್ತಿತ್ತು. ನಾನು ಆಗ ಇಪ್ಪತ್ತಾರರವಳು. ಡಾಕ್ಟರ ಮಾತಿಗೆ ಎದುರಾಡುವ ಅಭ್ಯಾಸವಿರಲಿಲ್ಲ. ಕೊಟ್ಟೆ. ಅನ್ನನಾಳ ತೂತಾಯಿತು. ಎರಡನೆಯ ದಿನ ಮಗು ಹೋಯಿತು. ತಳ್ಳಿದವರು ಅವರು, ಕೈಗೆ ಕೊಟ್ಟವಳು ನಾನು.

ನಿನ್ನ ಮಾವನವರಿಗೂ ಇದನ್ನು ಹೇಳಿರಲಿಲ್ಲ. ಆ ದಿನದ ಮೇಲೆ ಥಿಯೇಟರಿನಲ್ಲಿ ನನ್ನ ಬಾಯಿ ತೆರೆಯಿತು, ಇವತ್ತಿನವರೆಗೂ ಮುಚ್ಚಿಲ್ಲ. ಎಲ್ಲರೂ ನನ್ನನ್ನು ಬಾಯಿ ಜೋರು ಅನ್ನುತ್ತಾರಲ್ಲ, ಅದು ಬಂದದ್ದು ಅಲ್ಲಿಂದ.

ಇದರ ಜೊತೆ ಪಾರ್ಸೆಲ್ ಇದೆ. ಹಳೆಯ ಆಸ್ಪತ್ರೆಯ ಬೀರುವಿನಲ್ಲಿ ನಮ್ಮ ಕಾಲದ ಕೊಳವೆಗಳು ಸಿಕ್ಕವು. ರಬ್ಬರು ಒಣಗಿ ಬಿಸ್ಕತ್ತಿನಂತೆ ಮುರಿಯಿತು. ಅಳತೆ ಇಟ್ಟುಕೊಂಡು, ಕುಕ್ಕರಿನ ರಬ್ಬರು ಮಾಡುವವನ ಹತ್ತಿರ ಆಸ್ಪತ್ರೆಯ ಸಿಲಿಕೋನ್ ಕೊಳವೆಯನ್ನೇ ಕೊಟ್ಟು ತುದಿ ಸಣ್ಣ ಮಾಡಿಸಿದ್ದೇನೆ. ಹದಿನಾಲ್ಕು ಅಳತೆ. ಒಂದೊಂದನ್ನೂ ಇಪ್ಪತ್ತು ಸಲ ಕುದಿಸಿ, ಕಿಟಕಿಯ ಸರಳಿಗೆ ಕಟ್ಟಿ ಜಗ್ಗಿ ನೋಡಿದ್ದೇನೆ. ಯಾವುದೂ ಹರಿಯಲಿಲ್ಲ. ಕಾಯುತ್ತೀಯೋ ಮಾಡುತ್ತೀಯೋ, ಅದು ನಿನ್ನ ತೀರ್ಮಾನ.

ಅತ್ತೆ


ಏಪ್ರಿಲ್ ೩೦

ಸೊಸೆಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಪಾರ್ಸೆಲ್ ತಲುಪಿದೆ ಎಂದು ಅಂಚೆಯವರು ಹೇಳುತ್ತಾರೆ. ಇಂಥ ಕೈಯವಳು ಕಳಿಸಿದ ಸಾಮಾನು ಮುಟ್ಟಬಾರದು ಎಂದು ನಿನಗೆ ಅನ್ನಿಸಿದ್ದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಬರೆಯಬಾರದಿತ್ತೇನೋ. ಒಂದು ಸಾಲು ಹಾಕು, ಸಾಕು.

ಅತ್ತೆ


ಮೇ ೬

ಅತ್ತೆ, ಅತ್ತೆ, ಅತ್ತೆ!

ನನ್ನನ್ನು ಎಷ್ಟು ಬೇಕಾದರೂ ಬೈಯಿರಿ. ಬರೆಯಲು ಕೂತಾಗಲೆಲ್ಲ ಅರ್ಧ ಸುದ್ದಿಯಷ್ಟೇ ಇರುತ್ತಿತ್ತು. ಅರ್ಧ ಹೇಳಿ ನಿಮ್ಮನ್ನು ತೂಗುಯ್ಯಾಲೆಯಲ್ಲಿ ಕೂರಿಸಲು ಮನಸ್ಸಾಗಲಿಲ್ಲ. ಈಗ ಇಡೀ ಸುದ್ದಿ ಇದೆ.

ನಿಮ್ಮ ಪತ್ರ ಓದಿ ನಿಮ್ಮ ಬಗ್ಗೆ ನನಗೇನನ್ನಿಸಿತು ಎಂದು ಬರೆಯಲು ಬರುವುದಿಲ್ಲ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನೇರ ವಾರ್ಡಿಗೆ ಹೋದೆ, ಅಷ್ಟು ಹೇಳಬಲ್ಲೆ.

ಚಿನಕುರುಳಿಗೆ ನೂಲು ತೋರಿಸಿದೆ. "ಇದನ್ನ ತಿನ್ನೋದಾ?" ಎಂದು ಹುಬ್ಬೇರಿಸಿದಳು. "ಹೂಂ." "ಇಷ್ಟುದ್ದಾನೂ?" "ಇಷ್ಟುದ್ದಾನೂ." "ಆಮೇಲೆ?" "ಹೊಟ್ಟೆಯಿಂದ ಹೊರಗೆ ಬರುತ್ತೆ." ಅವಳು ತನ್ನ ಹೊಟ್ಟೆ ನೋಡಿಕೊಂಡಳು, ನನ್ನ ಮುಖ ನೋಡಿದಳು, "ಡಾಕ್ಟ್ರೇ, ನೀವು ಸುಳ್ಳು ಹೇಳಲ್ಲ ಅಲ್ವಾ?" ಎಂದಳು. ನನಗೇ ಪೂರ್ತಿ ನಂಬಿಕೆಯಿರಲಿಲ್ಲ. ಇಲ್ಲ ಎಂದೆ.

ಮೊದಲ ದಿನ ಕೆಮ್ಮಿ ಕೆಮ್ಮಿ ಹೊರಗೆ ಹಾಕಿದಳು. ಎರಡನೆಯ ದಿನ ಒಂದು ಗೇಣು ಇಳಿಯಿತು. ವಾರ್ಡಿಗೆ ವಾರ್ಡೇ ಅದರ ಹಿಂದೆ ಬಿತ್ತು. ಕಾಲು ಮುರಿದವರು, ಜ್ವರದವರು, ಕಸ ಗುಡಿಸುವ ಅಕ್ಕ, ಎಲ್ಲರೂ ಬಂದು "ಎಲ್ಲಿವರೆಗೆ ಬಂತು?" ಎಂದು ವಿಚಾರಿಸುವವರೇ. ಗಡಿಯಾರ ನೋಡುತ್ತಿದ್ದ ನಮ್ಮ ನರ್ಸು ಡ್ಯೂಟಿ ಮುಗಿದರೂ ಮನೆಗೆ ಹೋಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೊಟ್ಟೆಯ ರಂಧ್ರದಲ್ಲಿ ಸ್ವಲ್ಪ ನೀರು ಬಿಟ್ಟು ವಾಪಸು ಎಳೆದೆ. ನೀರಿನ ಜೊತೆ ಕಪ್ಪು ಗಂಟು ತೇಲಿ ಬಂತು! ಚಿನಕುರುಳಿ ಕಿರುಚಿದಳು: "ಬಂತು! ನಂದು ಬಂತು!" ಸೂಪರಿಂಟೆಂಡೆಂಟರು ಏನೋ ಅನಾಹುತವಾಯಿತೆಂದು ಚಪ್ಪಲಿ ಬಿಟ್ಟು ಓಡಿ ಬಂದರು.

ಇನ್ನು ಕೊಳವೆ. ಮೊದಲ ಸಲ ಅರ್ಧಕ್ಕೇ ನಿಂತಿತು. ಬೆವರು ಕಣ್ಣಿಗಿಳಿಯುತ್ತಿತ್ತು. ಗ್ಯಾಸಣ್ಣ "ಡಾಕ್ಟ್ರೇ, ಮಗು ಎಚ್ಚರ ಆಗೋ ಹೊತ್ತಾಯ್ತು" ಎನ್ನುತ್ತಿದ್ದರು. ಕೆಳಗಿನಿಂದ ಒಂಚೂರು ತಳ್ಳಿದರೆ ಆಗಿಬಿಡುತ್ತದೆ ಎಂದು ನನ್ನ ಕೈಗೂ ಅನ್ನಿಸಿತು ಅತ್ತೆ. ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೆ ಜೇಬಿನಲ್ಲಿ ನಿಮ್ಮ ಪತ್ರವಿತ್ತು. ನಿಲ್ಲಿಸಿದೆ. ಕೊಳವೆ ಬಿಡಿಸಿ, ನೂಲು ಉಳಿಸಿಕೊಂಡು ಮಗುವನ್ನು ಹಾಸಿಗೆಗೆ ಕಳಿಸಿದೆ. ಐದು ದಿನ ಬಿಟ್ಟು ಎಲ್ಲಕ್ಕಿಂತ ಸಣ್ಣದನ್ನು ಕಟ್ಟಿ ಎಳೆದಾಗ ಬೆಣ್ಣೆಯೊಳಗೆ ಹೋದ ಹಾಗೆ ಬಂತು.

ಎರಡನೆಯ ಅಳತೆ ಆದ ಮೇಲೆ ಜ್ವರ. ತೂತಾಯಿತೇ ಎಂದು ಜೀವ ಬಾಯಿಗೆ ಬಂತು. ನಾಲ್ಕು ದಿನ ಅವಳ ಮಂಚದ ಪಕ್ಕದ ಸ್ಟೂಲೇ ನನ್ನ ಮನೆ. ನಿಮ್ಮ ಏಪ್ರಿಲ್ ಮೂವತ್ತರ ಪತ್ರ ಬಂದದ್ದು ಆಗಲೇ. ಎದೆಯ ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ, ಬರೀ ನೆಗಡಿ ಜ್ವರ! ಪಕ್ಕದ ಮಂಚದವನಿಂದ ಅಂಟಿದ್ದು. ಇಂದು ಮೂರನೆಯ ಅಳತೆಯ ಕೊಳವೆ ಮುಗಿಯಿತು. ಮಧ್ಯಾಹ್ನ ಅರ್ಧ ಲೋಟ ಹಾಲನ್ನು ಬಾಯಿಂದ ಕುಡಿದಳು. ಡಬ್ಬಿಯನ್ನು ಕಿಟಕಿಯಿಂದ ಹೊರಗೆಸೆದಳು. ನರ್ಸು ಬೈದು ಎತ್ತಿಕೊಂಡು ಬಂದಳು.

ನಿಮ್ಮ ಸೊಸೆ


ಮೇ ೧೭

ನನ್ನ ಬಂಗಾರದ ಡಾಕ್ಟರಮ್ಮನಿಗೆ,

ಪತ್ರ ಓದಿ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ನಾಲ್ಕು ಸಲ ಓದಿದೆ. ಐದನೆಯ ಸಲ ನನ್ನ ಮಗನಿಂದ ಓದಿಸಿ ಕೇಳಿದೆ. ಅರ್ಧಕ್ಕೆ ನಿಲ್ಲಿಸಿ, ಕನ್ನಡಕ ಒರೆಸುವ ನೆಪ ಮಾಡಿ ಹಿತ್ತಲಿಗೆ ಹೋದ.

ನೀನು ನಿಲ್ಲಿಸಿದೆಯಲ್ಲ, ಅದಕ್ಕೆ ನಿನಗೆ ಕೈಮುಗಿಯುತ್ತೇನೆ.

ನೀನು ನಿಜ ಹೇಳಿದ ಮೇಲೆ ನಾನೂ ಒಂದು ಹೇಳಬೇಕು. ಪಾಕದಲ್ಲಿ ಅದ್ದು, ಗುಟುಕು ಗುಟುಕಾಗಿ ನುಂಗಿಸು ಎಂದೆಲ್ಲ ಬರೆದೆನಲ್ಲ. ಅಷ್ಟು ವರ್ಷದ ಮೇಲೆ ನನಗೇನು ನೆನಪು? ಯಾವ ನೂಲು ಗಂಟಲಿಗೆ ಹಿತ ಎಂದು ತಿಳಿಯಲು ನಾನೇ ನುಂಗಿ ನೋಡಿದೆ. ಹತ್ತಿಯದು ಗಂಟಲಲ್ಲಿ ಕೂತು ಕೆರೆಯಿತು. ರೇಷ್ಮೆಯದು ಸರಾಗ. ನೂಲಿನ ತುದಿಯನ್ನು ಕೆನ್ನೆಗೆ ಅಂಟಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಾಗ ನಿನ್ನ ಗಂಡ ಶಾಲೆಯಿಂದ ಬಂದ. "ಅಮ್ಮಾ, ಬಾಯಿಂದ ದಾರ ಬರ್ತಿದೆ!" ಎಂದು ಕೂಗಿ ಎಳೆಯಲು ಬಂದ. ಕೈಮೇಲೆ ಒಂದು ಕೊಟ್ಟೆ. ಮಾತಾಡಲು ಆಗುತ್ತಿರಲಿಲ್ಲ, ಸ್ಲೇಟಿನ ಮೇಲೆ "ನಿನ್ನ ಹೆಂಡತಿಯ ಕೆಲಸ" ಎಂದು ಬರೆದು ತೋರಿಸಿದೆ. ಅವನು ಇವತ್ತಿನವರೆಗೂ ನೀನು ನನಗೆ ಏನೋ ಮಾಟ ಮಾಡಿಸಿದ್ದೀಯ ಎಂದು ಛೇಡಿಸುತ್ತಾನೆ.

ನೂಲು ಏನಾಯಿತು ಎಂದು ಕೇಳಬೇಡ. ಕತ್ತರಿಸಿ ಬಿಟ್ಟೆ, ಹೋಗಬೇಕಾದ ಕಡೆ ಹೋಯಿತು.

ಅತ್ತೆ


ಜುಲೈ ೨೦

ಪ್ರೀತಿಯ ಅತ್ತೆ,

ಹದಿಮೂರು ಸಲ ಆಯಿತು, ಎಂಟನೆಯ ಅಳತೆ ನಡೆದಿದೆ. ಕೆಲವು ಅಳತೆ ಎರಡೆರಡು ಸಲ ಬೇಕಾಗುತ್ತವೆ. ಚಿನಕುರುಳಿ ಈಗ ಹದಿನೈದು ಕಿಲೋ. ತೆಳುವಾದ್ದೆಲ್ಲ ಇಳಿಯುತ್ತದೆ, ಗಟ್ಟಿ ಊಟಕ್ಕೆ ಇನ್ನೂ ಸಮಯ ಬೇಕು. ಸುದ್ದಿ ಹರಡಿ ಪಕ್ಕದ ಜಿಲ್ಲೆಯಿಂದ ಇನ್ನಿಬ್ಬರು ಮಕ್ಕಳು ಬಂದಿದ್ದಾರೆ. ಮೊದಲೇ ಹೀಗೆ ಗಂಟಲು ಕಟ್ಟಿದ ಮಕ್ಕಳು ಬರುತ್ತಿರಲಿಲ್ಲವೇ ಎಂದು ಸೂಪರಿಂಟೆಂಡೆಂಟರನ್ನು ಕೇಳಿದೆ. "ಬರ್ತಿದ್ರು, ಬೇರೆ ಊರಿಗೆ ಕಳಿಸ್ತಿದ್ವಿ. ಎಷ್ಟು ಜನ ಅಲ್ಲಿಗೆ ತಲುಪಿದ್ರೋ ಯಾರಿಗೆ ಗೊತ್ತು" ಎಂದು ನೆಲ ನೋಡಿದರು. ಮರುದಿನ ಯಂತ್ರದ ಮೇಲಿನ ಕೊಡೆ ತೆಗೆದು, ಅದರ ದೀಪವನ್ನು ಎಲೆಕ್ಟ್ರಿಷಿಯನ್‌ನಿಂದ ಬಿಚ್ಚಿಸಿ ಥಿಯೇಟರಿಗೆ ಹಾಕಿಸಿದರು. ಈಗ ಬೆಳಕೋ ಬೆಳಕು.

ಈ ಕೆಲಸವನ್ನು ಇಲ್ಲಿಯ ಕಿರಿಯ ಡಾಕ್ಟರಿಗೂ ಕಲಿಸುತ್ತಿದ್ದೇನೆ, ಎಲ್ಲರಿಗೂ ಅವಳು ಸಣ್ಣ ಡಾಕ್ಟರಮ್ಮ. ಇದೇ ಊರಿನವಳು, ಇಲ್ಲೇ ಉಳಿಯುವವಳು. ನಾನು ಹೋದ ದಿನ ಇದು ನಿಂತರೆ ಮಾಡಿ ಏನು ಫಲ?

ಮುಚ್ಚಿಟ್ಟಿದ್ದ ಇನ್ನೊಂದು ವಿಷಯ. ಫೆಬ್ರವರಿಯಲ್ಲೇ ವರ್ಗಾವಣೆಗೆ ಅರ್ಜಿ ಬರೆದಿದ್ದೆ. ನಿಮ್ಮ ಎದುರು ಸೋತು ಬಂದವಳಂತೆ ನಿಲ್ಲಲು ನಾಚಿಕೆಯಾಗಿ ಕೊಟ್ಟಿರಲಿಲ್ಲ. ನಿನ್ನೆ ಹರಿದು ಹಾಕಿದೆ.

ಇಲ್ಲಿಯ ನರ್ಸುಗಳು ಜಾಣೆಯರು, ಆದರೆ ಥಿಯೇಟರಿನ ಶಿಸ್ತು ಕಲಿಸುವವರಿಲ್ಲ. ಅನುಭವವಿರುವ ಯಾರಾದರೂ ನಾಲ್ಕಾರು ತಿಂಗಳು ಬಂದರೆ ಎಷ್ಟು ಚೆನ್ನಾಗಿತ್ತು.

ಸೊಸೆ


ಜುಲೈ ೩೧

ಡಾಕ್ಟರಮ್ಮನಿಗೆ,

ಅರ್ಜಿ ಬರೆದದ್ದು ನನಗೆ ಗೊತ್ತಿತ್ತು. ಗೋಡೆಯ ಬಣ್ಣ ಬರೆದವಳು ಅರ್ಜಿ ಬರೆಯದೆ ಇರುತ್ತಾಳೆಯೇ? ನಿನ್ನ ಮೇಲೆ ನನಗೆ ಸಿಟ್ಟಿದ್ದದ್ದು ನಿಜ. ಆದರೆ ನೀನು ಹೋದದ್ದಕ್ಕಲ್ಲ. ಹೋಗುವ ಮೊದಲು ಥಿಯೇಟರಿನಲ್ಲಿ ಮೂವತ್ತಾರು ವರ್ಷ ಸವೆಸಿದವಳನ್ನು ಒಂದು ಮಾತೂ ಕೇಳದೆ ಹೋದೆಯಲ್ಲ, ಅದಕ್ಕೆ.

ಅನುಭವದ ನರ್ಸು ಬೇಕೆಂದು ಬರೆದಿದ್ದೀಯ. ನನ್ನ ಜೊತೆ ನಿವೃತ್ತಿಯಾದವರು ಮೂವರಿದ್ದಾರೆ. ಒಬ್ಬಳಿಗೆ ಮಂಡಿನೋವು. ಇನ್ನೊಬ್ಬಳಿಗೆ ಮೊಮ್ಮಕ್ಕಳ ಹುಚ್ಚು. ಮೂರನೆಯವಳು ಬರಬಹುದು, ಆದರೆ ಅವಳು ಮಹಾ ನಿಧಾನಿ. ವಿಚಾರಿಸಲೇ?

ಅತ್ತೆ


ಆಗಸ್ಟ್ ೯

ಅತ್ತೆ,

ನಾನು ಬರೆದದ್ದು ನಿಮಗೇ. ನೇರವಾಗಿ ಕೇಳಲು ಧೈರ್ಯ ಸಾಲಲಿಲ್ಲ. ಕಳೆದ ಸಲ ಕೇಳದೆ ತಪ್ಪು ಮಾಡಿದೆ, ಈ ಸಲ ಕೇಳುತ್ತಿದ್ದೇನೆ. ಬರುತ್ತೀರಾ?

ಸೊಸೆ


ಆಗಸ್ಟ್ ೧೮

ಬಸ್ಸು ಎಷ್ಟು ಗಂಟೆಗೆ?

ಅತ್ತೆ


ನವೆಂಬರ್ ೩

ಪ್ರೀತಿಯ ಅತ್ತೆ,

ಈಗ ನಿಮ್ಮ ಮನೆಯಲ್ಲಿ, ನಿಮ್ಮ ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತಿದ್ದೇನೆ. ನೀವು ಅಲ್ಲಿ ಆಸ್ಪತ್ರೆಯಲ್ಲಿ, ನಾನು ಇಲ್ಲಿ. ಎರಡು ತಿಂಗಳು ಒಂದೇ ಕೋಣೆಯಲ್ಲಿ ಮಾತಾಡಿ ಮಾತಾಡಿ ಅಭ್ಯಾಸವಾಗಿ, ಈಗ ಬೆಳಿಗ್ಗೆ ಎದ್ದರೆ ಬೈಯುವವರಿಲ್ಲದೆ ಬಿಕೋ ಎನ್ನುತ್ತದೆ. ಒಂದು ತಿಂಗಳ ರಜೆಯಲ್ಲಿ ಎಂಟು ದಿನ ಕಳೆದವು. ನಿಮ್ಮ ಮಗ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಹೀಗಾಗಿ ಸದ್ಯಕ್ಕೆ ನಿಮ್ಮ ಮಗ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದರು, ಅರ್ಧ ಗಂಟೆ ಮಾತ್ರ ನನ್ನ ಗಂಡನಾಗಿದ್ದರು.

ಜೀರಿಗೆ ಡಬ್ಬಿಯಲ್ಲಿ ಗುಂಡಿಗಳಿವೆ, ಗುಂಡಿ ಡಬ್ಬಿಯಲ್ಲಿ ಹೊಲಿಗೆ ಸೂಜಿಗಳಿವೆ. ಜೀರಿಗೆ ಎಲ್ಲಿದೆ? ಥಿಯೇಟರಿನಲ್ಲಿ ಒಂದು ಕತ್ತರಿ ಪಕ್ಕಕ್ಕೆ ಸರಿದರೆ ಊರು ಒಂದು ಮಾಡುತ್ತೀರಿ!

ಚಿನಕುರುಳಿಯ ಹದಿನಾಲ್ಕನೆಯ ಅಳತೆ ನಾಳಿದ್ದು. ಸಣ್ಣ ಡಾಕ್ಟರಮ್ಮ ನಾನಿಲ್ಲದೆ ಮೊದಲ ಸಲ ಮಾಡುತ್ತಾಳೆ. ಅವಳಿಗೆ ಬರುತ್ತದೆ ಎಂದು ಗೊತ್ತು. ಆದರೂ ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ. ಏನಾಯಿತೆಂದು ಒಂದನ್ನೂ ಬಿಡದೆ ಬರೆಯಿರಿ.

ಸೊಸೆ


ನವೆಂಬರ್ ೧೪

ನನ್ನ ಸೊಸೆಗೆ,

ಜೀರಿಗೆ ಉ‍ಪ್ಪಿನ ಭರಣಿಯ ಹಿಂದಿದೆ. ಅಡುಗೆಮನೆಯಲ್ಲಿ ಯಾರ ಜೀವವೂ ಹೋಗುವುದಿಲ್ಲ, ಅದಕ್ಕೇ ಅಲ್ಲಿ ಶಿಸ್ತಿಲ್ಲ.

ಒಂದನ್ನೂ ಬಿಡದೆ ಬರೆಯೆಂದೆ. ಕೇಳು.

ಹದಿನಾಲ್ಕನೆಯದು ಆಯಿತು. ಸಣ್ಣ ಡಾಕ್ಟರಮ್ಮ ಮೊದಲು ಸ್ವಲ್ಪ ಅವಸರವಾಗಿ ಎಳೆಯಹೊರಟಳು. ನಾನು ಏನೂ ಅನ್ನಲಿಲ್ಲ, ನಂಬುತ್ತೀಯಾ? ಗಡಿಯಾರ ನೋಡುತ್ತಿದ್ದ ನಮ್ಮ ನರ್ಸೇ ಹೇಳಿದಳು: "ಮೇಡಂ, ಆತುರ ಬೇಡ. ನಿಂತ್ರೆ ನಿಲ್ಸೋಣ, ನಾಳೆ ಮಾಡೋಣ." ಅದನ್ನು ಕೇಳಿ ನನ್ನ ಮಾಸ್ಕು ಒದ್ದೆಯಾಯಿತು. ಇಪ್ಪತ್ತಾರರ ವಯಸ್ಸಿನಲ್ಲಿ ನಾನು ಹೇಳದೆ ಹೋದ ಮಾತನ್ನು ಇಪ್ಪತ್ತೈದರ ಹುಡುಗಿ ಹೇಳಿದಳು. ಕೊಳವೆ ಎಲ್ಲೂ ತಡೆಯದೆ ಬಂತು. ಗ್ಯಾಸಣ್ಣ "ಇವತ್ತು ಮೇಲಿನವನು ಟೈಮಿಗೆ ಸರಿಯಾಗಿ ಬಂದಿದ್ದ" ಎಂದರು.

ಆರು ದಿನ ಬಿಟ್ಟು, ಮಂಗಳವಾರ ಮಧ್ಯಾಹ್ನ, ಗಟ್ಟಿ ಊಟ ಕೊಡಬಹುದು ಎಂದಳು ಸಣ್ಣ ಡಾಕ್ಟರಮ್ಮ. ವಾರ್ಡಿನ ವರಾಂಡದಲ್ಲಿ ಚಾಪೆ ಹಾಸಿದೆವು. ಅನ್ನ, ತರಕಾರಿ, ಬೇಯಿಸಿದ ಮೊಟ್ಟೆ. ಚಿನಕುರುಳಿ ಚಕ್ಕಳಮಕ್ಕಳ ಹಾಕಿ ಕೂತಳು. ಪಕ್ಕದಲ್ಲಿ ಮೂಗಿನಿಂದ ನೂಲು ಇಳಿಬಿಟ್ಟುಕೊಂಡ ಹೊಸ ಮಕ್ಕಳಿಬ್ಬರು. "ನೀವೂ ನನ್ನ ಹಾಗೇ ನುಂಗ್ತಾ ಇರಿ, ಹೀಗೇ ಆಗುತ್ತೆ" ಎಂದು ಅವರಿಗೆ ದೊಡ್ಡವಳ ಹಾಗೆ ಹೇಳಿದಳು.

ಮೊದಲ ತುತ್ತು ಅಗಿದಳು. ಎಷ್ಟು ಅಗಿದಳೆಂದರೆ ನಮ್ಮ ದವಡೆ ನೋಯಿತು. ನುಂಗಿದಳು. ಎಲ್ಲರೂ ಅವಳ ಕತ್ತನ್ನೇ ನೋಡುತ್ತಿದ್ದೆವು. ಇಳಿಯಿತು. ಎರಡನೆಯ ತುತ್ತು. ಮೂರನೆಯದು. ಆಮೇಲೆ ಯಾರೂ ಎಣಿಸಲಿಲ್ಲ.

ಆಗ ಗಮನಿಸಿದೆ, ಸೋಪಮ್ಮ ದೂರದ ಕಂಬಕ್ಕೆ ಆತು ನಿಂತಿದ್ದಳು. "ಬಾಮ್ಮಾ, ನೀನೂ ಕೂತ್ಕೋ, ಊಟ ಮಾಡು" ಎಂದೆ. ಬರಲಿಲ್ಲ. ಕೈಹಿಡಿದು ಎಳೆದರೆ ನನ್ನ ಕಿವಿಯಲ್ಲಿ ಹೇಳಿದಳು: "ಒಂದೂವರೆ ವರ್ಷ ಆಯ್ತಮ್ಮಾ ಇವಳ ಎದುರಿಗೆ ತಿಂದು. ಅವಳಿಗೆ ಆಸೆ ಆಗುತ್ತೆ ಅಂತ ಯಾವಾಗ್ಲೂ ಗೋಡೆ ಹಿಂದೆ ನಿಂತೇ ತಿಂದಿದೀನಿ. ಈಗ ಕೈ ಬರ್ತಿಲ್ಲ."

ನಾನು ಒಂದು ತಟ್ಟೆ ಬಡಿಸಿ ಮಗಳ ಎದುರಿಗೇ ಕೂರಿಸಿದೆ. ತುಂಬ ಹೊತ್ತು ಅನ್ನ ಕಲಸುತ್ತಲೇ ಇದ್ದಳು. ಆಮೇಲೆ ಒಂದು ತುತ್ತು ತಿಂದಳು, ಇನ್ನೊಂದು. ಮತ್ತೆ ಹಸಿವು ತನ್ನ ಕೆಲಸ ಮಾಡಿತು ನೋಡು. ತಟ್ಟೆ ಖಾಲಿಯಾಯಿತು, ಇನ್ನೊಂದು ಸಲ ಹಾಕಿಸಿಕೊಂಡಳು, ಅದೂ ಖಾಲಿಯಾಯಿತು.

ಚಿನಕುರುಳಿ ಅಗಿಯುವುದನ್ನು ನಿಲ್ಲಿಸಿ, ಕಣ್ಣರಳಿಸಿ ತಾಯಿಯನ್ನೇ ನೋಡುತ್ತಿದ್ದಳು. ಕೊನೆಗೆ ಜೋರಾಗಿ ಕೇಳಿದಳು:

"ಅಮ್ಮಾ! ನೀನು ಇಷ್ಟೊಂದು ತಿಂತೀಯಾ?"

ಸೋಪಮ್ಮ ನಕ್ಕಳು. ಅಳುತ್ತಲೂ ಇದ್ದಳು, ಆದರೆ ನಗುವೇ ಹೆಚ್ಚಿತ್ತು. ವರಾಂಡವೆಲ್ಲ ನಕ್ಕಿತು. ಸೂಪರಿಂಟೆಂಡೆಂಟರು ನಗುವುದನ್ನು ಮೊದಲ ಸಲ ನೋಡಿದೆ, ಪಾಪ, ಅವರಿಗೂ ಮರೆತುಹೋಗಿತ್ತೇನೋ.

ಇದನ್ನು ನೋಡಬೇಕಾಗಿದ್ದವಳು ನೀನು. ನಿನಗೆ ಸಲ್ಲಬೇಕಾದ್ದನ್ನು ನಾನು ನೋಡಿಬಿಟ್ಟೆ ಎಂದು ಮನಸ್ಸು ಚುರುಗುಟ್ಟಿತು. ಅದನ್ನೇ ಚಿನಕುರುಳಿಗೆ ಹೇಳಿದೆ: "ನಿಮ್ಮ ಡಾಕ್ಟರು ಇದನ್ನೆಲ್ಲ ನೋಡಲಿಲ್ಲವಲ್ಲೇ."

ತುಂಬಿದ ಬಾಯಲ್ಲೇ ಅವಳು ಅಂದಳು: "ಬರ್ಲಿ ಬಿಡಿ ಅಜ್ಜಿ. ದಿನಾ ತಿಂದು ತೋರಿಸ್ತೀನಿ."

ಅತ್ತೆ